ಮೋಡದ ಹೊತ್ತಿನ ಆಟೋ

ನಮ್ಮೂರಿನ ಬೀದಿಗಳಲ್ಲಿ ಬೆಳಗಿನ ಹೊತ್ತು ಮೋಡ ಮಲಗಿರುತ್ತದೆ. ನಸುಕಿನಲ್ಲೇ ಸುತ್ತಲಿನ ಗುಡ್ಡಗಳಿಂದ ಇಳಿದು ಬಂದು, ಬೀದಿಗೊಂದರಂತೆ ಮೈ ಚಾಚಿಕೊಂಡರೆ ಪುರಸಭೆಯ ಸೈರನ್ ಕೂಗುವವರೆಗೆ ಏಳುವುದಿಲ್ಲ. ನಮಗೆ ಹೊಳೆ ಇಲ್ಲ, ಕೆರೆ ಇಲ್ಲ, ಬಾವಿ ತೋಡಿದರೆ ಉಪ್ಪು ನೀರು. ಹಾಗಾಗಿ ಊರಿನ ಎಲ್ಲ ಮನೆಗಳ ಹೊರಗೋಡೆಯಲ್ಲೂ ಕಬ್ಬಿಣದ ಬಳೆಗಳಿವೆ. ಎದುರುಬದುರು ಮನೆಗಳ ಬಳೆಗೆ ಹಗ್ಗ ಕಟ್ಟಿ ಹಳೆಯ ಹತ್ತಿ ಸೀರೆಗಳನ್ನು ಇಳಿಬಿಡುತ್ತಾರೆ. ಮೋಡ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಾಗೆಲ್ಲ ಸೀರೆ ನೆನೆಯುತ್ತದೆ, ಅಂಚಿನಿಂದ ತೊಟ್ಟಿಕ್ಕುತ್ತದೆ, ಕೆಳಗಿಟ್ಟ ಕೊಡ ತುಂಬುತ್ತದೆ. ಹಾಲಿನವರು, ಪೇಪರಿನವರು, ಸ್ಕೂಲಿಗೆ ಹೋಗುವ ಮಕ್ಕಳು ಒಂದು ಕೈ ಮುಂದೆ ಚಾಚಿ "ಸ್ವಲ್ಪ ಜರುಗಪ್ಪಾ" ಎನ್ನುತ್ತ ಅದರ ನಡುವೆಯೇ ದಾರಿ ಮಾಡಿಕೊಳ್ಳುತ್ತಾರೆ. ಅಂಗಡಿಯವರು ಶಟರಿಗೆ ಎಣ್ಣೆ ಬಿಟ್ಟು ಮೆಲ್ಲಗೆ ಎತ್ತುತ್ತಾರೆ. ಒದ್ದೆ ತಲೆಯಲ್ಲಿ ಕಾಲೇಜಿಗೆ ಹೋದರೆ ನಮ್ಮಲ್ಲಿ ಯಾರೂ ಏನೂ ಕೇಳುವುದಿಲ್ಲ.

ಮೋಡಕ್ಕೆ ಆಗದಿರುವುದು ಎರಡೇ, ಹೊಗೆ ಮತ್ತು ಎಂಜಿನ್ನಿನ ಬಿಸಿ. ಒಂದು ಸ್ಕೂಟರ್ ಕೆಮ್ಮಿದರೂ ಸಾಕು, ಧಡಕ್ಕನೆ ಎದ್ದು ಗುಡ್ಡದ ಕಡೆ ಹೊರಟುಬಿಡುತ್ತದೆ. ಆ ಬೀದಿಗೆ ಅವತ್ತು ನೀರಿಲ್ಲ. ಅದಕ್ಕೇ ಊರಿನ ನಾಲ್ಕು ಬಾಗಿಲಲ್ಲೂ ಕೆಂಪು ವೃತ್ತದ ಬೋರ್ಡು: 'ಮೋಡದ ಹೊತ್ತಿನಲ್ಲಿ ಪೆಟ್ರೋಲ್, ಡೀಸೆಲ್ ವಾಹನಗಳಿಗೆ ಪ್ರವೇಶವಿಲ್ಲ.' ಬಸ್ಸು, ಲಾರಿ, ಬೈಕು ಎಲ್ಲವೂ ಹೊರಗಿನ ಬಸ್ ಸ್ಟ್ಯಾಂಡಿನಲ್ಲಿ ಸೈರನ್ನಿಗಾಗಿ ಕಾಯುತ್ತವೆ. ಸೈರನ್ ಕೂಗಿತೋ, ಎಲ್ಲ ಒಟ್ಟಿಗೇ ನುಗ್ಗುತ್ತವೆ, ಮೋಡ ಓಡುತ್ತದೆ, ಆ ದಿನದ ನೀರು ಅಷ್ಟಕ್ಕೆ ಮುಗಿಯಿತು.

ಇದರಲ್ಲಿ ನಮ್ಮ ಮೇಲ್ಗೇರಿಯ ಕಥೆಯೇ ಬೇರೆ. ನಾವಿರುವುದು ಊರಿನ ತಲೆಯ ಮೇಲೆ, ಬಂಡೆಯ ನೆತ್ತಿಯಲ್ಲಿ. ಮನೆ ಕಟ್ಟಿದ ಹಿರಿಯರು ಎಲ್ಲರಂತೆ ಗೋಡೆಗೆ ಬಳೆ ಹೊಡೆದಿದ್ದರು, ಆದರೆ ಮೋಡ ನಮ್ಮ ಕೇರಿ ದಾಟಿಯೇ ಕೆಳಗಿಳಿಯುತ್ತಿತ್ತು, ಒಂದು ದಿನವೂ ನಿಂತದ್ದಿಲ್ಲ. ಬಳೆಗಳಿಗೆ ಮೇಕೆ ಕಟ್ಟುತ್ತಿದ್ದೆವು. ನಮ್ಮ ಮನೆಯ ಬಳೆಯಲ್ಲಂತೂ ಗುಬ್ಬಿ ಗೂಡು ಕಟ್ಟಿತ್ತು. ನೀರಿಗೆ ಕೆಳಗೇ ಹೋಗಬೇಕು. ಪ್ರತಿ ಬೀದಿಯ ಕೊನೆಯ ಸೀರೆ ಮೇಲ್ಗೇರಿಯ ಪಾಲು ಎಂಬುದು ಹಳೆಯ ಕಟ್ಟಳೆ, ಆದರೆ ಸೈರನ್ನಿಗೆ ಮುಂಚೆ ಕೊಡ ಎತ್ತಿಬಿಡಬೇಕು. ಸೈರನ್ ಆದ ಮೇಲೆ ರಸ್ತೆಯಲ್ಲಿ ಕೊಡ ಉಳಿದಿದ್ದರೆ ಲಾರಿಯವನನ್ನು ಬೈಯುವ ಹಾಗಿಲ್ಲ. ಸೈರನ್ನಿಗೆ ಮುಂಚೆ ಗಾಡಿ ಬರುವ ಹಾಗಿಲ್ಲ. ಅಂದರೆ ಇರುವುದು ಮೆಟ್ಟಿಲು, ಮತ್ತು ನಮ್ಮ ಹೆಂಗಸರ ಸೊಂಟ. ನಮ್ಮಜ್ಜಿ ನಡೆಯುವಾಗ ಈಗಲೂ ಎಡಕ್ಕೆ ವಾಲುತ್ತಾಳೆ, ಕೊಡ ಇಲ್ಲದಿದ್ದರೂ.

ನಮ್ಮ ಚೆನ್ನಾಜಿ ಚಿಕ್ಕಮ್ಮ ಹಾಗೆ ವಾಲಲು ಒಪ್ಪಲಿಲ್ಲ. ಅಮ್ಮನ ತಂಗಿ ಆಕೆ, ಬಸ್ ಸ್ಟ್ಯಾಂಡಿನಲ್ಲಿ ಆಟೋ ಓಡಿಸುತ್ತಾಳೆ. ಹಳೆಯ ಆಟೋ ಎಂಜಿನ್ ಬಾಯಿಬಿಟ್ಟಾಗ, ಎಲ್ಲರೂ ಬೇಡ ಬೇಡ ಎಂದರೂ ಕೇಳದೆ ಕರೆಂಟಿನ ಆಟೋ ತಂದಳು. ಊರಿಗೆ ಮೊದಲನೆಯದು. ಗಿಳಿ ಹಸಿರು ಬಣ್ಣ, ಹಿಂದೆ ಸಾಮಾನು ಇಡಲು ಅಗಲವಾದ ಜಾಗ. ತಂದ ದಿನವೇ ಕೇರಿಯ ಹೆಂಗಸರನ್ನೆಲ್ಲ ಕರೆದು ಹೇಳಿದಳು: "ನಾಳೆಯಿಂದ ಕೊಡ ತುಂಬಿಸಿ ಕೆಳಗೇ ಇಡಿ. ಮೆಟ್ಟಿಲು ಹತ್ತೋದು ಬರೀ ಕೈಯಲ್ಲಿ."

"ಪೊಲೀಸ್ನೋರು ಬಿಡ್ತಾರೇನೇ?" ಅಜ್ಜಿ ಕೇಳಿದಳು.

"ಬೋರ್ಡು ಓದೋಕೆ ಬರೋರಾದ್ರೆ ಬಿಡ್ತಾರೆ."

ಮಾರನೆಯ ಬೆಳಿಗ್ಗೆ ನಾನೂ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಕಾಲೇಜಿಗೆ ನೆಪವೊಂದು ಹುಡುಕಿಕೊಂಡಿದ್ದೆ. ದಕ್ಷಿಣದ ಬಾಗಿಲಲ್ಲಿ ಟ್ರಾಫಿಕ್ ಪೊಲೀಸ್ ರಾಚಪ್ಪನವರು ಕೋಲು ಅಡ್ಡ ಹಿಡಿದರು.

"ಏನ್ ಚೆನ್ನಾಜಮ್ಮ, ಬೋರ್ಡು ಕಾಣ್ಲಿಲ್ವಾ?"

"ಕಾಣ್ತು ರಾಚಪ್ಪ. ನೀನೇ ಒಂದ್ಸಲ ಓದು, ಜೋರಾಗಿ."

"ಪೆಟ್ರೋಲ್, ಡೀಸೆಲ್ ವಾಹನಗಳಿಗೆ ಪ್ರವೇಶವಿಲ್ಲ."

"ಅದ್ರಲ್ಲಿ ನಂದು ಯಾವ್ದು?"

ರಾಚಪ್ಪನವರು ಆಟೋವನ್ನು ಒಂದು ಸುತ್ತು ಹಾಕಿದರು. ಬಗ್ಗಿ ಹಿಂದೆ ನೋಡಿದರು, ಮೂಸಿದರು. "ಸೈಲೆನ್ಸರ್ರೇ ಇಲ್ವಲ್ರೀ ಇದಕ್ಕೆ."

"ಗಲಾಟೆ ಇದ್ರೆ ತಾನೇ ಸೈಲೆನ್ಸರ್ ಬೇಕಾಗೋದು."

"ಸ್ಟಾರ್ಟ್ ಮಾಡಿ ನೋಡೋಣ."

"ಸ್ಟಾರ್ಟಲ್ಲೇ ಇದೆ."

ಅವರು ಕೋಲಿನಿಂದ ಟೋಪಿಯ ಕೆಳಗೆ ಕೆರೆದುಕೊಂಡರು. "ನೋಡಮ್ಮ, ಬೋರ್ಡಲ್ಲಿ ಹೆಸರಿಲ್ಲ ಅಂದ್ಮೇಲೆ ಹಿಡಿಯೋಕಾಗಲ್ಲ. ಸರ್ವೀಸಲ್ಲಿ ಯಾವತ್ತೂ ಬಿಟ್ಟಿಲ್ಲ, ಹಂಗಾಗಿ ಬಿಡೋಕೂ ಆಗಲ್ಲ. ನಾನೀಗ ಟೀ ಕುಡಿಯೋಕೆ ಹೋಗ್ತೀನಿ." ಕೋಲು ಬಗಲಿಗೆ ಸಿಕ್ಕಿಸಿಕೊಂಡು ಹೋಗಿಯೇಬಿಟ್ಟರು.

ಅಕ್ಕಸಾಲೆ ಬೀದಿಗೆ ತಿರುಗಿದಾಗ ಸೀರೆಗಳ ಹಿಂದಿನಿಂದ ತಲೆಗಳು ಹೊರಬಂದವು. ಹಲ್ಲುಜ್ಜುತ್ತಿದ್ದವರ ಬ್ರಶ್ಶು ಬಾಯಲ್ಲೇ ನಿಂತಿತು. ಚಿಕ್ಕಮ್ಮ ನಡಿಗೆಯ ವೇಗದಲ್ಲಿ ಮೋಡದೊಳಕ್ಕೆ ಆಟೋ ಬಿಟ್ಟಳು. ಮೋಡ ಏಳಲಿಲ್ಲ. ನಮ್ಮ ಪಾಲಿನ ಸೀರೆಯ ಕೆಳಗಿದ್ದ ಕೊಡಗಳನ್ನು ನಾನು ಒಂದೊಂದಾಗಿ ಒಳಗಿಟ್ಟೆ, ಚಿಕ್ಕಮ್ಮ ಕನ್ನಡಿಯಲ್ಲಿ ನನ್ನನ್ನು ನೋಡಿ ಹುಬ್ಬು ಹಾರಿಸಿದಳು, ಹೊರಟೆವು. ಆಗ ಅದು ಎದ್ದಿತು. ಆದರೆ ಗುಡ್ಡದ ಕಡೆ ಓಡಲಿಲ್ಲ. ಹಿಂದಿನ ಸೀಟಿಗೆ ಮೂತಿಯಿಟ್ಟು, ಹಸು ಹಿಂಡಿಯ ಹಿಂದೆ ಬರುವಂತೆ, ಆಟೋದ ಹಿಂದೆ ನಡೆದುಕೊಂಡು ಬಂತು.

"ಚಿಕ್ಕಮ್ಮ, ಇದು ನಮ್ಮ ಹಿಂದೆ ಬರ್ತಿದೆ."

"ಅದೇನು ನೋಡ್ತಿದೆ?"

"ನೀನು ಬ್ಯಾಟರಿ ಇಟ್ಟಿರೋ ಜಾಗ ನೆಕ್ತಿದೆ."

ಮೆಟ್ಟಿಲಿನ ಪಕ್ಕದ ಸುತ್ತು ರಸ್ತೆಯವರೆಗೂ ಬಂತು. ಅಷ್ಟರಲ್ಲಿ ಕೆಳಗೆ ಕೂಗು ಎದ್ದಿತ್ತು, ಮೇಲ್ಗೇರಿಯವಳು ಮೋಡ ಹೊಡ್ಕೊಂಡು ಹೋದಳು ಎಂದು. ಚಿಕ್ಕಮ್ಮ ಆಟೋ ತಿರುಗಿಸಿದಳು. ಮೋಡವೂ ತಿರುಗಿತು. ಅದನ್ನು ಅಕ್ಕಸಾಲೆ ಬೀದಿಗೆ ಬಿಟ್ಟು, ಅದು ಮಲಗುವವರೆಗೆ ನಿಂತು, ಆಮೇಲೆ ಕೊಡಗಳನ್ನು ಮೇಲಕ್ಕೆ ತಂದೆವು. ಅಜ್ಜಿ ಹೊಸ್ತಿಲಲ್ಲಿ ನಿಂತಿದ್ದಳು. ತುಂಬಿದ ಕೊಡ ತಾನಾಗಿಯೇ ಮನೆ ಮುಂದೆ ಬಂದು ಇಳಿಯುವುದನ್ನು ಆಕೆ ಮೊದಲ ಸಲ ನೋಡಿದ್ದು. ಕೊಡದೊಳಕ್ಕೆ ಕೈ ಅದ್ದಿ ನೋಡಿದಳು, ನೀರೇ ಹೌದೋ ಅಲ್ಲವೋ ಎಂಬಂತೆ.

ಸಂಜೆ ಪುರಸಭೆಯಲ್ಲಿ ಪಂಚಾಯಿತಿ ಸೇರಿತು. ಅಧ್ಯಕ್ಷ ಪದ್ಮರಾಜಯ್ಯನವರದು ಅಕ್ಕಸಾಲೆ ಬೀದಿಯಲ್ಲೇ ಬೆಳ್ಳಿ ಅಂಗಡಿ. ಮಫ್ಲರ್ ಬಿಚ್ಚದೆ ಯಾವ ತೀರ್ಮಾನವನ್ನೂ ಕೊಡುವವರಲ್ಲ. ಅವತ್ತು ಬಿಚ್ಚಿ ಮೇಜಿನ ಮೇಲಿಟ್ಟಿದ್ದರು. ಪ್ರಶ್ನೆ ಒಂದೇ, ಮೋಡದ ಹೊತ್ತಿನ ನಿರ್ಬಂಧ ಕರೆಂಟಿನ ಗಾಡಿಗೆ ಅನ್ವಯಿಸುತ್ತದೋ ಇಲ್ಲವೋ.

"ಚಕ್ರ ಇರೋದೆಲ್ಲ ವಾಹನವೇ," ಎಂದರು ಗಡಿಯಾರದ ಬೀದಿಯ ಅಂಬುಜಾಕ್ಷಮ್ಮ. ಅವರ ಬೀದಿಯ ಮೋಡವೇ ಊರಿಗೆಲ್ಲ ದೊಡ್ಡದು, ಅದರ ಬಗ್ಗೆ ಅವರಿಗೆ ಮೊಮ್ಮಕ್ಕಳಿಗಿಂತ ಹೆಚ್ಚು ಮಮತೆ.

"ಹಂಗಾದ್ರೆ ನಿಮ್ಮ ಯಜಮಾನ್ರ ತಳ್ಳೋ ಕುರ್ಚಿ?" ಚಿಕ್ಕಮ್ಮ ಕೇಳಿದಳು.

"ಅದು ಮೋಡ ಕದಿಯಲ್ಲಮ್ಮ."

"ನಾನೂ ಕದ್ದಿಲ್ಲ. ಬಂತು, ವಾಪಸ್ ಬಿಟ್ಟೆ."

"ಇವತ್ತು ಬಿಟ್ಟೆ. ನಾಳೆ ಬಿಡ್ತೀಯ ಅಂತ ಏನು ಗ್ಯಾರಂಟಿ? ಮೇಲ್ಗೇರಿಯೋರಿಗೆ ನೀರು ಕಂಡ್ರೆ ಕೈ ನಿಲ್ಲಲ್ಲ."

ಹಿಂದೆ ನಿಂತಿದ್ದ ನಮ್ಮ ಕೇರಿಯ ಹೆಂಗಸರು ಗುಜುಗುಟ್ಟಿದರು. ಚಿಕ್ಕಮ್ಮ ಅವರತ್ತ ತಿರುಗಿ ನೋಡಿದಳು, ಸುಮ್ಮನಾದರು. "ಅಧ್ಯಕ್ಷರೇ," ಎಂದಳು, "ನಿರ್ಬಂಧ ಹಾಕಿದ್ದು ಯಾಕೆ? ಮೋಡ ಓಡಬಾರ್ದು ಅಂತ. ನನ್ನ ಗಾಡಿ ಕಂಡ್ರೆ ಓಡ್ತದಾ, ಹತ್ರ ಬರ್ತದಾ? ನೀವೇ ಕೂತು ನೋಡಿ. ನನ್ನ ಕೇರಿಗೆ ಬೇಕಾಗಿರೋದು ಕೊಡ ಮೇಲೆ ಬರೋದು, ಅಷ್ಟೇ."

ಪದ್ಮರಾಜಯ್ಯನವರು ಮಫ್ಲರ್ ಮಡಿಚಿದರು, ಬಿಚ್ಚಿದರು. ಕೊನೆಗೆ ತೀರ್ಮಾನ ಹೇಳಿದರು. ಸೋಮವಾರ ಬೆಳಿಗ್ಗೆ ತಾವೇ ಆಟೋದಲ್ಲಿ ಕೂರುತ್ತಾರೆ. ಸೈರನ್ ಕೂಗುವಷ್ಟರಲ್ಲಿ ಎಲ್ಲ ಬೀದಿಯ ಮೋಡ ಆಯಾ ಬೀದಿಯಲ್ಲೇ ಇದ್ದರೆ ಚೆನ್ನಾಜಿಗೆ ರಹದಾರಿ. ಒಂದೇ ಒಂದು ಮೋಡ ಜಾಗ ತಪ್ಪಿದ್ದರೂ ಬೋರ್ಡಿನಲ್ಲಿ 'ವಿದ್ಯುತ್' ಎಂದು ಸೇರಿಸಿ ಬರೆಸಲಾಗುತ್ತದೆ, ಮತ್ತೆ ಯಾರೂ ಕೇಳುವ ಹಾಗಿಲ್ಲ.

"ಒಪ್ಪಿದೆ," ಎಂದಳು ಚಿಕ್ಕಮ್ಮ. ಆಕೆಯ ಆ ಒಂದು ಮಾತಿನ ಮೇಲೆ ಇಡೀ ಕೇರಿಯ ಸೊಂಟಗಳು ನಿಂತಿದ್ದವು.

ಭಾನುವಾರ ರಾತ್ರಿಯೆಲ್ಲ ಆಟೋ ಬಸ್ ಸ್ಟ್ಯಾಂಡಿನಲ್ಲಿ ಚಾರ್ಜಿಗಿತ್ತು. ಮೇಲ್ಗೇರಿಯ ಕರೆಂಟಿಗೆ ಬಲ್ಬೇ ಮಿಣಮಿಣ ಎನ್ನುತ್ತದೆ, ಆಟೋ ಎಲ್ಲಿ ಚಾರ್ಜಾಗಬೇಕು. ಚಿಕ್ಕಮ್ಮ ಬ್ಯಾಟರಿಯನ್ನು ಕಂಠಮಟ್ಟ ತುಂಬಿಸಿದಳು, ಪರೀಕ್ಷೆಯ ದಿನ ಕಡಿಮೆಯಾಗಬಾರದು ಎಂದು. ಅದೇ ಎಡವಟ್ಟಾಯಿತು. ಹಿಂದಿನ ಸಲ ಅರ್ಧ ಚಾರ್ಜಿನ ಆಟೋ ಹಿಂದೆ ಒಂದು ಮೋಡ ಬಂದಿತ್ತು. ಸೋಮವಾರ ನಾವು ಬಾಗಿಲು ದಾಟುವಷ್ಟರಲ್ಲೇ ಅಕ್ಕಸಾಲೆ ಬೀದಿಯದು ಎದ್ದು ನಿಂತಿತ್ತು. ಸಂತೆ ಬೀದಿಯದು ಮೂಲೆಯಲ್ಲೇ ಕಾಯುತ್ತಿತ್ತು. ಆಸ್ಪತ್ರೆ ಬೀದಿಯದು, ಗಾಣದ ಬೀದಿಯದು, ಕೊನೆಗೆ ಗಡಿಯಾರದ ಬೀದಿಯ ಆ ದೊಡ್ಡದೂ ಸೀರೆಗಳನ್ನೆಲ್ಲ ಹೆಗಲ ಮೇಲೆ ಹೊದ್ದುಕೊಂಡು, ಅಂಬುಜಾಕ್ಷಮ್ಮ "ನಿಲ್ಲೋ, ನಿಲ್ಲೋ ಬಂಗಾರ" ಎನ್ನುತ್ತಿರುವಾಗಲೇ ನಮ್ಮ ಹಿಂದೆ ಬಂತು. ನಾನು ಕೊಡ ತುಂಬಿಸಿಕೊಳ್ಳುತ್ತ ಹೋದೆ. ಪದ್ಮರಾಜಯ್ಯನವರು ಮಫ್ಲರ್ ಹಿಂಡಿಕೊಳ್ಳುತ್ತ ಹೋದರು.

"ಇಷ್ಟೂ ವಾಪಸ್ ಬರ್ತವೇನಮ್ಮ?"

"ಮೇಲೆ ಕೊಡ ಇಳಿಸ್ತೀನಿ, ತಿರುಗಿಸ್ಕೊಂಡು ಬರ್ತೀನಿ. ನೀವು ಗಟ್ಟಿಯಾಗಿ ಕೂತ್ಕೊಳ್ಳಿ."

ಏರುರಸ್ತೆ ಶುರುವಾಯಿತು. ಹಿಂದೆ ಮೋಡಗಳು ಒಂದರ ಮೇಲೊಂದು ಒರಗಿ ಆಟೋವನ್ನು ಹಿಡಿದುಕೊಂಡಿದ್ದವು. ನೀರು ಸೀಟಿನಲ್ಲಿ ನಿಂತಿತ್ತು, ನನ್ನ ಚಪ್ಪಲಿ ತೇಲುತ್ತಿತ್ತು. ಬ್ಯಾಟರಿಯ ಗೀಟುಗಳನ್ನು ಓದಿ ಹೇಳುವುದು ನನ್ನ ಕೆಲಸ. ಮೊದಲ ತಿರುವಿಗೇ ಅರ್ಧ ಗೀಟುಗಳು ಹೋಗಿದ್ದವು.

"ಎಷ್ಟಿದೆಯೇ?"

"ಎರಡು ಗೀಟು."

"ಈಗ?"

"ಚಿಕ್ಕಮ್ಮ, ಗೀಟು ಕೆಂಪಾಯ್ತು."

ಹಿಂದಕ್ಕೆ ತಿರುಗಿಸಲು ಅಲ್ಲಿ ಜಾಗವಿರಲಿಲ್ಲ. ಆಕೆ ಹಲ್ಲು ಕಚ್ಚಿ, ಸೀಟಿನ ತುದಿಗೆ ಬಂದು, ತಾನೇ ತಳ್ಳುತ್ತಿರುವವಳಂತೆ ಮುಂದಕ್ಕೆ ಬಾಗಿ ಓಡಿಸಿದಳು. ಆಟೋ ನೆತ್ತಿ ಹತ್ತಿತು, ನಮ್ಮ ಕೇರಿಯ ನಡುವೆ ಬಂತು, ನಮ್ಮ ಮನೆಯ ಮುಂದೆಯೇ ನಿಂತಿತು. ದೀಪ ಆರಿತು. ಚಿಕ್ಕಮ್ಮ ಕೀ ತಿರುಗಿಸಿದಳು, ಮತ್ತೆ ತಿರುಗಿಸಿದಳು. ಏನೂ ಇಲ್ಲ.

ಮೋಡಗಳು ಸ್ವಲ್ಪ ಹೊತ್ತು ಬ್ಯಾಟರಿಯ ಹತ್ತಿರ ಮೂಗಾಡಿಸಿದವು. ಅದರಲ್ಲಿ ಏನೂ ಉಳಿದಿಲ್ಲವೆಂದು ತಿಳಿದ ಮೇಲೆ ಒಂದೊಂದಾಗಿ ಪಕ್ಕಕ್ಕೆ ಹೋಗಿ, ಬೆಚ್ಚಗಿನ ಬಂಡೆಯ ಮೇಲೆ ಕಾಲು ಮಡಿಚಿ, ಮೇಲ್ಗೇರಿಯ ಉದ್ದಕ್ಕೂ ಮಲಗಿಬಿಟ್ಟವು. ನನಗೆ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ನಮ್ಮ ತಲೆಯ ಮೇಲೆ ಹಾದುಹೋಗಿದ್ದು ಕೊನೆಗೂ ನಮ್ಮ ಮನೆ ಮುಂದೆ ಮಲಗಿದೆ, ಅದೂ ನಾವು ಸೋತ ದಿನ.

ಅಜ್ಜಿ ಮಾತ್ರ ಸೋಲು ಗೆಲುವು ಕೇಳಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಹಗ್ಗ ತಂದಳು. ಆ ಹಗ್ಗ ನಮ್ಮಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಬಳೆಯಲ್ಲಿದ್ದ ಗುಬ್ಬಿ ಗೂಡನ್ನು ಹುಷಾರಾಗಿ ಎತ್ತಿ ಕಿಟಕಿಗೆ ಇಟ್ಟು, ಬಳೆಯ ತುಕ್ಕನ್ನು ಸೆರಗಿನಿಂದ ಒರೆಸಿ, ಹಗ್ಗ ಪೋಣಿಸಿದಳು. ಎದುರು ಮನೆಯವರು ಆ ತುದಿ ಹಿಡಿದರು. ನೋಡನೋಡುತ್ತ ಕೇರಿಯ ಉದ್ದಕ್ಕೂ ಹಗ್ಗಗಳು ಎದ್ದವು, ಮೇಕೆಗಳನ್ನು ಬಿಚ್ಚಿ ಓಡಿಸಿದರು, ಉಟ್ಟು ಬಿಟ್ಟ ಸೀರೆ, ದುಪ್ಪಟ್ಟಾ, ಪಂಚೆ, ನನ್ನ ಕಾಲೇಜಿನ ಯೂನಿಫಾರ್ಮು, ಸಿಕ್ಕಿದ್ದೆಲ್ಲ ಹಗ್ಗದ ಮೇಲೇರಿತು. ತೊಟ್ಟಿಕ್ಕುವ ಸದ್ದು ಶುರುವಾಯಿತು. ನಮ್ಮ ಕೇರಿಯಲ್ಲಿ ಆ ಸದ್ದು.

ಆಗ ಕೆಳಗಿನಿಂದ ಅಂಬುಜಾಕ್ಷಮ್ಮ ಬಂದರು, ಹಿಂದೆ ಎಲ್ಲ ಬೀದಿಯವರು, ಎಲ್ಲರ ಕಂಕುಳಲ್ಲೂ ಖಾಲಿ ಕೊಡ. ಅವರು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಜಗಳಕ್ಕೆಂದು ಬಂದವರಿಗೆ ಬಾಯಲ್ಲಿ ಮಾತು ಹೊರಡುತ್ತಿರಲಿಲ್ಲ, ಏದುಸಿರು. ಅಂಬುಜಾಕ್ಷಮ್ಮ ಸೊಂಟಕ್ಕೆ ಕೈಯಿಟ್ಟು ನಮ್ಮ ಜಗುಲಿಯಲ್ಲಿ ಕುಸಿದರು.

"ದಿನಾ ಇದನ್ನ ಹತ್ತುತ್ತೀರೇನ್ರೇ?"

"ತುಂಬಿದ ಕೊಡ ಇಟ್ಕೊಂಡು," ಎಂದಳು ಅಜ್ಜಿ. ಲೋಟದಲ್ಲಿ ನೀರು ಕೊಟ್ಟಳು. "ಕುಡೀರಿ. ನಿಮ್ಮ ಮೋಡದ್ದೇ."

ಅಷ್ಟರಲ್ಲಿ ಕೆಳಗೆ ಸೈರನ್ ಕೂಗಿತು. ಬಸ್ಸುಗಳು ಎಂದಿನಂತೆ ಅಬ್ಬರಿಸುತ್ತ ಒಳಗೆ ನುಗ್ಗಿದ್ದು ಮೇಲಿಂದ ಕಾಣಿಸಿತು. ಎಲ್ಲರೂ ಅಭ್ಯಾಸಬಲದಿಂದ ಸೀರೆ ಬಿಚ್ಚಲು ಕೈ ಹಾಕಿದರು. ಆದರೆ ಮೋಡಗಳು ಏಳಲಿಲ್ಲ. ಮೇಲ್ಗೇರಿಗೆ ಯಾವ ಬಸ್ಸು ಬರುತ್ತದೆ, ಯಾವ ಲಾರಿ ಬರುತ್ತದೆ? ಗಡಿಯಾರದ ಬೀದಿಯ ದೊಡ್ಡದು ಒಂದು ಕಣ್ಣನ್ನೂ ತೆರೆಯದೆ ಹೊರಳಿತು, ಒಂದೇ ಹೊರಳಿಗೆ ಸಾಲಾಗಿದ್ದ ಕೊಡಗಳೆಲ್ಲ ತುಂಬಿ ಹರಿದವು. ಕೊಡ ಸಾಲದೆ ಹಂಡೆ ತಂದರು, ಹಂಡೆ ಸಾಲದೆ ತೊಟ್ಟಿಲು ತಂದವರೂ ಇದ್ದರು. ಬಿಸಿಲು ನೆತ್ತಿಗೆ ಬರುವವರೆಗೆ ಅವು ಅಲ್ಲೇ ಮಲಗಿದ್ದವು.

"ನಮ್ಮ ಬೀದೀಲಿದ್ದಾಗ ಇದರ ಹೊಟ್ಟೇಲಿ ಇಷ್ಟು ನೀರಿದೆ ಅಂತ ಗೊತ್ತೇ ಇರ್ಲಿಲ್ಲ," ಎಂದರು ಅಂಬುಜಾಕ್ಷಮ್ಮ, ಸ್ವಲ್ಪ ನೋವಿನಿಂದಲೇ.

"ಪೂರ್ತಿ ನಿದ್ದೆ ಮಾಡೋಕೆ ನೀವು ಯಾವತ್ತು ಬಿಟ್ಟಿದ್ರಿ," ಎಂದಳು ಅಜ್ಜಿ.

ಚಿಕ್ಕಮ್ಮ ಇದ್ಯಾವುದರಲ್ಲೂ ಸೇರಿರಲಿಲ್ಲ. ಸತ್ತ ಆಟೋದ ಪಕ್ಕ ನೆಟ್ಟಗೆ ನಿಂತಿದ್ದಳು. ಜನ ಸುಮ್ಮನಾದ ಮೇಲೆ ಪದ್ಮರಾಜಯ್ಯನವರ ಮುಂದೆ ಬಂದಳು. "ಸೈರನ್ ಆಯ್ತು ಅಧ್ಯಕ್ಷರೇ. ಒಂದಲ್ಲ, ಎಲ್ಲ ಮೋಡಾನೂ ಜಾಗ ತಪ್ಪಿದೆ. ಒಪ್ಕೊಂಡ ಮಾತು ಮಾತೇ. ಬೋರ್ಡಲ್ಲಿ ಬರೆಸಿ."

ನನಗೆ ಆಗ ಆಕೆಯ ಮೇಲೆ ಎಷ್ಟು ಹೆಮ್ಮೆಯಾಯಿತೆಂದರೆ, ಹೋಗಿ ಪಕ್ಕದಲ್ಲಿ ನಿಂತುಕೊಂಡೆ. ಅದೊಂದೇ ನನ್ನಿಂದ ಆಗುವಂತಿದ್ದದ್ದು. ಅಧ್ಯಕ್ಷರು ನಮ್ಮ ಮೆಟ್ಟಿಲ ಮೇಲೆ ಕೂತಿದ್ದರು, ಅಕ್ಕಸಾಲೆ ಬೀದಿಯ ಮೋಡ ಅವರ ತೊಡೆಯ ಮೇಲೆ ಮೂತಿಯಿಟ್ಟಿತ್ತು. ಅದನ್ನು ನೇವರಿಸಿದರು.

"ಬರೆಸ್ತೀನಿ," ಎಂದರು. "ಕರೆಂಟಿನ ಗಾಡಿಗೂ ನಿರ್ಬಂಧ ಇದ್ದೇ ಇರುತ್ತೆ. ಬೇಕಾಬಿಟ್ಟಿ ಓಡಾಡೋ ಹಾಗಿಲ್ಲ. ಬೆಸ ತಾರೀಕು ಮೋಡ ಕೆಳಗಿನ ಬೀದಿಗಳದ್ದು, ಗಾಡಿ ಅವನ್ನ ಎಬ್ಬಿಸಬಾರ್ದು, ಕಾಲು ಚಾರ್ಜಲ್ಲಿ ಬಂದು ಕೊಡ ತಗೊಂಡು ಹೋಗ್ಬೇಕು. ಸರಿ ತಾರೀಕು ಪೂರ್ತಿ ಚಾರ್ಜಲ್ಲಿ ಬಂದು ಎಲ್ಲವನ್ನೂ ಮೇಲ್ಗೇರಿಗೆ ಕರ್ಕೊಂಡು ಹೋಗ್ಬೇಕು. ಅವತ್ತು ಕೆಳಗಿನವರಿಗೆ ನೀರು ಇಳಿಸೋ ಜವಾಬ್ದಾರೀನೂ ಗಾಡೀದೇ."

"ಮತ್ತೆ ಇಲ್ಲೇ ನಿಂತ್ಹೋದ್ರೆ?" ಯಾರೋ ಕೇಳಿದರು.

"ಇಲ್ಲೊಂದು ಒಳ್ಳೇ ಲೈನ್ ಎಳೆಸೋಣ. ಚಾರ್ಜಿಂಗ್ ಪಾಯಿಂಟ್ ಚೆನ್ನಾಜಮ್ಮನ ಗೋಡೆಗೆ." ಮಫ್ಲರ್ ಹುಡುಕಿದರು. ಅದು ಆಗಲೇ ಹಗ್ಗದ ಮೇಲೆ ತೊಟ್ಟಿಕ್ಕುತ್ತಿತ್ತು.

ಈಗ ನಾಲ್ಕು ಬಾಗಿಲಲ್ಲೂ ಬೋರ್ಡು ಉದ್ದವಾಗಿದೆ. ಹೊರಗಿನಿಂದ ಬಂದವರು ಗಾಡಿ ನಿಲ್ಲಿಸಿ ಎರಡೆರಡು ಸಲ ಓದುತ್ತಾರೆ, ರಾಚಪ್ಪನವರನ್ನು ಅರ್ಥ ಕೇಳುತ್ತಾರೆ. ಅವರು ಕೋಲು ಚಾಚಿ ನಮ್ಮ ಕೇರಿಯನ್ನು ತೋರಿಸುತ್ತಾರೆ. ಸರಿ ತಾರೀಕಿನ ಬೆಳಿಗ್ಗೆ ಚಿಕ್ಕಮ್ಮನ ಆಟೋ ಬಂದರೆ ಟೀ ಕುಡಿಯಲು ಹೋಗುವುದಿಲ್ಲ, ಅಟೆನ್ಷನ್ನಿನಲ್ಲಿ ನಿಲ್ಲುತ್ತಾರೆ, ಆಕೆಗೋ ಹಿಂದೆ ಬರುವ ಮೋಡಗಳಿಗೋ ಗೊತ್ತಿಲ್ಲ. ಕಾಲೇಜಿನಲ್ಲಿ ನಿನ್ನದು ಯಾವ ಕಡೆ ಎಂದು ಯಾರಾದರೂ ಕೇಳಿದರೆ ನಾನು ಮೇಲ್ಗೇರಿ ಎನ್ನುತ್ತೇನೆ, ಕೇಳದಿದ್ದರೂ ಎನ್ನುತ್ತೇನೆ.

ಬೆಸ ತಾರೀಕಿನಲ್ಲಿ ಕೇರಿಯವರೆಲ್ಲ ಹಗ್ಗ ಬಿಚ್ಚಿ ಒಳಗಿಡುತ್ತಾರೆ, ಮೇಕೆಗಳು ಬಳೆಗೆ ವಾಪಸ್ಸಾಗುತ್ತವೆ. ನಮ್ಮಜ್ಜಿ ಮಾತ್ರ ಬಿಚ್ಚುವುದಿಲ್ಲ. ನೀಲಿ ಅಂಚಿನ ಆಕೆಯ ಒಣ ಸೀರೆ ಬಿಸಿಲಲ್ಲಿ ಸುಮ್ಮನೆ ತೂಗುತ್ತಿರುತ್ತದೆ. ಒಂದು ದಿನ ಬಣ್ಣ ಹೋಗುತ್ತದೆ ಎಂದು ನಾನೇ ತೆಗೆಯಲು ಹೋದೆ. ಅಜ್ಜಿ ಜಗುಲಿಯಿಂದ ಕೈ ಎತ್ತಿದಳು.

"ಇರ್ಲಿ ಬಿಡೇ. ನಾಳೆ ನಮ್ಮ ದಿನ."